ಟೀವಿ ಆಟದ ಪೆಟ್ಟಿಗೆ ಓಡುತ್ತಾ?

ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ನಾನು ಕಲಿತ ಕೆಲಸ ಟ್ರಾನ್ಸ್‌ಫಾರ್ಮರ್ ಸುತ್ತುವುದು. ನಮ್ಮ ಯಜಮಾನರದು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ಮಧ್ಯಾಹ್ನದ ಊಟ ಕೊಡಲು ಹೋದಾಗಲೆಲ್ಲ ನೋಡುತ್ತಿದ್ದೆ: ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾ ಕೂತಿರುತ್ತಿದ್ದರು, ಗಿರಾಕಿ ಯಾರಾದರೂ ಮಾತಾಡಿಸಿದರೆ ಎಷ್ಟು ಸುತ್ತು ಆಯಿತೆಂಬುದು ಮರೆತು ಮತ್ತೆ ಮೊದಲಿಂದ ಶುರು. ಒಂದು ದಿನ ತಡೆಯಲಾರದೆ, "ಇತ್ಲಾಗ್ ಕೊಡ್ರಿ, ನಾನು ಸುತ್ತುತೀನಿ" ಅಂದೆ. ಆವತ್ತು ಕೂತವಳು ಮತ್ತೆ ಏಳಲಿಲ್ಲ. ಗೋಡೆಯ ಕಡೆ ಒಂದು ಮಣೆ, ಕೈಯಲ್ಲಿ ತಿರುಗಿಸುವ ಸಣ್ಣ ಯಂತ್ರ, ಹಿಂದೆ ತಂತಿಯ ಉರುಳೆ. ಮಾತಾಡದೆ ಎಣಿಸುವ ಕೆಲಸವಾದ್ದರಿಂದ ಅಂಗಡಿಗೆ ಬಂದವರ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ನಮ್ಮಪ್ಪ ಮಿಡಿಗೇಶಿ ಕಡೆಯ ಕುರಿ ಸಾಕುವವರು. ಬಾಯಿ ಬಿಡಿಸಿ ಹಲ್ಲು ನೋಡದೆ, ಕೈಯಿಂದ ಬೆನ್ನು ಹಿಚುಕಿ ನೋಡದೆ ಅವರು ಒಂದು ಮರಿಯನ್ನೂ ಹಟ್ಟಿಗೆ ತಂದವರಲ್ಲ. ಆ ಗುಣ ನನಗೂ ಬಂದಿದೆ ಎಂದು ನಮ್ಮ ಯಜಮಾನರು ಆಗಾಗ ಹೇಳುತ್ತಿದ್ದರು. ಹೊಗಳಿಕೆಯ ದನಿಯಲ್ಲಿ ಅಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಮ್ಮ ಅಂಗಡಿಗೆ ರೇಡಿಯೋ ಜೊತೆಗೆ ಟೀವಿಗಳೂ ಬರತೊಡಗಿದವು. ಎಲ್ಲ ಕಪ್ಪು ಬಿಳುಪು. ಬೆಂಗಳೂರಿನಿಂದ ಬರುವ ಚಿತ್ರಕ್ಕೆ ನಮ್ಮ ಬೆಟ್ಟವೇ ಅಡ್ಡ, ಅದಕ್ಕೆ ಮನೆಯ ಮೇಲೆ ಎತ್ತರದ ಕಂಬ ನೆಟ್ಟು ಆಂಟೆನಾ ಕಟ್ಟಬೇಕಿತ್ತು. ಸಂಜೆ ಶುರುವಾಗುವ ತನಕ ಟೀವಿಗೆ ಕೆಲಸವಿಲ್ಲ. ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿರುತ್ತಿತ್ತು.

ಒಂದು ಬೇಸಿಗೆಯಲ್ಲಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ತೆಳ್ಳಗೆ, ದಪ್ಪ ಕನ್ನಡಕ. ಅವನ ಕಂಪನಿಯವರು ಟೀವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯೊಂದನ್ನು ಮುಂದಿನ ದೀಪಾವಳಿಗೆ ಮಾರುಕಟ್ಟೆಗೆ ಬಿಡುತ್ತಾರಂತೆ. ತಾನು ಎಂಜಿನಿಯರು, ಅದನ್ನು ಮಾಡಿದವರಲ್ಲಿ ತಾನೂ ಒಬ್ಬ ಅಂದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿಗೂ ಸೇರಿ ಒಬ್ಬರೇ ಏಜೆಂಟು ಬೇಕಾಗಿದ್ದಾರೆ ಅಂದ.

ಬ್ಯಾಗಿನಿಂದ ಬೂದು ಬಣ್ಣದ ಪೆಟ್ಟಿಗೆ ತೆಗೆದ. ಊಟದ ತಟ್ಟೆಯಷ್ಟು ಅಗಲ. ಎರಡು ವೈರು, ವೈರಿನ ತುದಿಯಲ್ಲಿ ಕೈಯಲ್ಲಿ ಹಿಡಿದು ತಿರುಗಿಸುವ ಒಂದೊಂದು ಗುಬುಟು. ರಿಪೇರಿಗೆ ಬಂದಿದ್ದ ಟೀವಿಯ ಆಂಟೆನಾ ಬಿಚ್ಚಿ ಪೆಟ್ಟಿಗೆಯ ಇನ್ನೊಂದು ವೈರು ಸಿಕ್ಕಿಸಿದ. ಪರದೆಯ ಮೇಲೆ ಎರಡು ಬಿಳಿ ಗೆರೆ ಎದ್ದವು, ನಡುವೆ ಒಂದು ಬಿಳಿ ಚುಕ್ಕೆ. ಗುಬುಟು ತಿರುಗಿಸಿದರೆ ಗೆರೆ ಮೇಲೆ ಕೆಳಗೆ ಆಡುತ್ತಿತ್ತು, ಚುಕ್ಕೆ ಗೆರೆಗೆ ತಗುಲಿ ಟಕ್ಕೆಂದು ವಾಪಸು ಹೋಗುತ್ತಿತ್ತು.

ನಮ್ಮ ಯಜಮಾನರ ಮುಖ ನೋಡಿದೆ. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ಇದು ಮಾದರಿ ಅಷ್ಟೇ ಸಾರ್. ದೀಪಾವಳಿಗೆ ಬರೋದ್ರಲ್ಲಿ ಆಟಗಳನ್ನ ಬದಲಾಯಿಸಬಹುದು. ಕ್ಯಾಸೆಟ್ ಥರ ಒಂದು ತೆಗೆದು ಇನ್ನೊಂದು ಹಾಕೋದು. ಇಪ್ಪತ್ತು ಆಟ ಇರುತ್ತೆ" ಅಂದ ಆ ಯುವಕ. "ಹಗಲೆಲ್ಲಾ ಟೀವಿ ಸುಮ್ನೆ ಕೂತಿರುತ್ತಲ್ಲ ಸಾರ್? ಇನ್ಮೇಲೆ ಕೂರಲ್ಲ."

ನಾನು ತಂತಿ ಸುತ್ತುವುದನ್ನು ನಿಲ್ಲಿಸಿದೆ. "ಆ ಇಪ್ಪತ್ತರಾಗೆ ಇನ್ನೊಂದನ್ನಾದ್ರೂ ತೋರಿಸಿ ನೋಡನ" ಅಂದೆ.

"ಇನ್ನೂ ತಯಾರಾಗ್ತಾ ಇವೆ ಮೇಡಂ."

"ಹಗಲೊತ್ತು ನಮ್ಮೂರಾಗೆ ಕರೆಂಟು ಎಲ್ಲಿರ್ತದೆ?"

ಅವನು ಅದಕ್ಕೆ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳದೆ ನಗುವವರನ್ನು ನಾನು ನಂಬುತ್ತಿರಲಿಲ್ಲ. ಹದಿನೈದು ದಿನ ಮಾದರಿ ಇಟ್ಟುಕೊಂಡು ನಾಲ್ಕೂ ಊರಲ್ಲಿ ತೋರಿಸಿ, ಜನ ಏನನ್ನುತ್ತಾರೆ ನೋಡಿ, ಆಮೇಲೆ ಹೇಳಿ ಎಂದು ಪೆಟ್ಟಿಗೆ ಬಿಟ್ಟು ಹೋದ. ಒಂದೇ ಮಾತು ಒತ್ತಿ ಹೇಳಿದ: "ದಯವಿಟ್ಟು ಒಳಗೆ ಬಿಚ್ಚಬೇಡಿ."

ಮಾರನೆಯ ದಿನ ಶಿರಾದಿಂದ ಭಾಯಿ ಬಂದರು. ಅವರು ನಮ್ಮ ಯಜಮಾನರ ಹಳೆಯ ಸ್ನೇಹಿತರು, ಶಿರಾದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ಮಾರುವ ಅಂಗಡಿ ಇಟ್ಟಿದ್ದರು. ಇಬ್ಬರೂ ಎರಡು ಗಂಟೆ ಆಡಿದರು. ಆಡುತ್ತಲೇ ವಾದ ಶುರುವಾಯಿತು.

"ಭಾಬಿ, ಇದು ಓಡ್ತದೆ ನೋಡಿ. ಟೇಪ್‌ರೆಕಾರ್ಡರ್ ಬಂದಾಗ್ಲೂ ನಮ್ಮೂರಾಗೆ ಯಾರು ತಗೋತಾರೆ ಅಂದಿದ್ರು. ಈಗ ಮನೆಗೊಂದು ಅದೆ" ಅಂದರು ಭಾಯಿ.

"ಟೇಪ್‌ರೆಕಾರ್ಡರ್ ಒಬ್ರು ಹಾಕುದ್ರೆ ಮನೆ ಮಂದಿ ಎಲ್ಲ ಕೇಳ್ತಾರೆ. ಇದನ್ನ ಇಬ್ರು ಆಡ್ತಾ ಇದ್ರೆ ಮಿಕ್ಕೋರು ಏನ್ ಮಾಡ್ಬೇಕು?"

"ಮಿಕ್ಕೋರು ನೋಡ್ತಾರೆ ಕಣೆ" ಅಂದರು ನಮ್ಮವರು, ಪರದೆಯಿಂದ ಕಣ್ಣು ತೆಗೆಯದೆ. "ಕಬಡ್ಡಿ ನಿಂತ್ಕಂಡು ನೋಡಲ್ವಾ?"

"ಕಬಡ್ಡಿಗೆ ಟೀವಿ ಬೇಡ. ಇದಕ್ಕೆ ಮೊದ್ಲು ಟೀವಿ ಇರ್ಬೇಕು. ಟೀವಿ ಇರೋ ಮನೆ ಈ ಪೇಟೇಲಿ ಬೆರಳಾಗೆ ಎಣಿಸ್ಬೋದು."

"ಶಕ್ ಬ್ಯಾಡ ಭಾಬಿ, ಅನುಮಾನ ಬ್ಯಾಡ" ಅಂದರು ಭಾಯಿ. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಮತ್ತೆ ತಂತಿ ಸುತ್ತತೊಡಗಿದೆ.

ಬಿಚ್ಚಬೇಡಿ ಎಂದು ಹೇಳಿ ಹೋದದ್ದು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಬಿಚ್ಚಿದರೆ ಕಾಣುವಂಥದ್ದು ಏನಿದೆ ಒಳಗೆ? ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ನಮ್ಮವರು ಪಕ್ಕದ ಪುರವರ ಊರಲ್ಲಿ ಯಾರದೋ ಆಂಟೆನಾ ಸರಿಮಾಡಲು ಹೋದಾಗ ಪೆಟ್ಟಿಗೆಯನ್ನು ಮಗುಚಿ ನಾಲ್ಕು ಸ್ಕ್ರೂ ತೆಗೆದೆ. ಒಳಗೆ ಅಂಗೈ ಅಗಲದ ಒಂದು ಬೋರ್ಡು. ನಡುವೆ ಒಂದು ಕಪ್ಪು ಐಸಿ ಚಿಪ್ಪು. ಅದರ ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿದ್ದರು. ಉಳಿದ ಮುಕ್ಕಾಲು ಪೆಟ್ಟಿಗೆ ಖಾಲಿ. ಆ ಖಾಲಿ ಜಾಗದ ತಳಕ್ಕೆ ಒಂದು ಕಬ್ಬಿಣದ ತಗಡು ಅಂಟಿಸಿದ್ದರು. ದಪ್ಪ ತಗಡು, ಯಾವ ವೈರಿಗೂ ಸೇರಿಲ್ಲ. ತೂಕ ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇಲ್ಲ.

ನಮ್ಮವರು ಬಂದ ಕೂಡಲೆ ಹೇಳಿದೆ. ಅವರಿಗೆ ತಗಡಿನ ಮಾತು ಕಿವಿಗೇ ಹೋಗಲಿಲ್ಲ.

"ಬಿಚ್ಚಬ್ಯಾಡಿ ಅಂದಿದ್ದನ್ನ ಬಿಚ್ಬುಟ್ಯಾ?"

"ತೂಕಕ್ಕೆ ಕಬ್ಬಿಣ ಇಟ್ಟವ್ರೆ ಕಣ್ರಿ. ಕೈಯಾಗ್ ಹಿಡ್ದೋರು ಏನೋ ಭಾರಿ ವಸ್ತು ಅನ್ಕಳ್ಳಿ ಅಂತ. ಮಾಡೋನಿಗೇ ನಂಬಿಕೆ ಇಲ್ದೆ ಹೋದ್ರೆ ತಾನೆ ಅಂಗೆ ಮಾಡೋದು?"

"ನಿಂಗೆ ಎಲ್ಲಾದ್ರಾಗೂ ಅನುಮಾನವೇ ಬುಡು."

ಆದರೂ ನಾಲ್ಕು ಊರಿಗೆ ಹೋಗುವಾಗ ನಾನೂ ಬರುತ್ತೇನೆಂದೆ. ಅವರು ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಒಬ್ಬರು ಬೇಕಿತ್ತು.

ಕೊರಟಗೆರೆಯಲ್ಲಿ ನಮ್ಮ ಖಾಯಂ ಗಿರಾಕಿಯೊಬ್ಬರ ಮನೆಗೆ ಹೋದೆವು. ಲಿಂಗಾಯತರು, ದೊಡ್ಡ ಕಿರಾಣಿ ವ್ಯಾಪಾರ. ಹಜಾರದಲ್ಲಿ ಬಾಗಿಲಿರುವ ಪೆಟ್ಟಿಗೆಯೊಳಗೆ ಟೀವಿ. ಆ ಮನೆಯ ಯಜಮಾನರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಆಮೇಲೆ ಟೀವಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಇಂಥದನ್ನ ಹಾಕುದ್ರೆ ಪಿಕ್ಚರ್ ಟ್ಯೂಬು ಹೋಗ್ತದಂತೆ. ನಮ್ಮ ಅಳಿಯಂದ್ರು ಹೇಳಿದ್ರು." ಹಾಗೇನೂ ಆಗುವುದಿಲ್ಲವೆಂದು ನಮ್ಮವರು ಎಷ್ಟು ಹೇಳಿದರೂ ಅವರು ಬಾಗಿಲು ಬಿಡಲಿಲ್ಲ. ಅನುಮಾನದಲ್ಲಿ ನನ್ನನ್ನೂ ಮೀರಿಸಿದವರೊಬ್ಬರು ಸಿಕ್ಕರಲ್ಲ ಎಂದು ಅಲ್ಲಿ ನನಗೆ ನಗು ಬಂತು. ಆದರೆ ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಒಂದೇ ಬಿಳಿ ಗೆರೆ ಗಂಟೆಗಟ್ಟಲೆ ಒಂದೇ ಕಡೆ ಉರಿದರೆ ಪರದೆಯಲ್ಲಿ ಗುರುತು ಉಳಿಯಬಹುದೆಂದು ನಮ್ಮವರೇ ಬಸ್ಸಿನಲ್ಲಿ ಒಪ್ಪಿಕೊಂಡರು.

ಶಿರಾದಲ್ಲಿ ಬೇರೆಯೇ ಆಯಿತು. ಬಡವನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದು ಭಾಯಿ ಮನೆ ಸೇರಿದೆವು. ಭಾಯಿಯ ತಾಯಿ, ಎಪ್ಪತ್ತರ ಹತ್ತಿರದ ಹೆಂಗಸು, ಮೊದಲು ಬಾಗಿಲ ಪರದೆಯ ಹಿಂದಿನಿಂದ ನೋಡಿದರು. ಆಮೇಲೆ ಒಳಗೆ ಬಂದು ಚಾಪೆಯ ಮೇಲೆ ಕೂತರು. ಆಮೇಲೆ ಸೊಸೆಯ ಕೈಯಿಂದ ಗುಬುಟು ಕಸಿದುಕೊಂಡರು. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಮಗನನ್ನು ಸೋಲಿಸಿದರು, ನಮ್ಮವರನ್ನು ಸೋಲಿಸಿದರು. ನನ್ನನ್ನೂ ಕರೆದರು. ನಾನೂ ಸೋತೆ. ಸೋತ ಮೇಲೆ ಇನ್ನೊಂದಾಟ ಆಡಬೇಕು ಅನ್ನಿಸಿತು. ಹಾಗನ್ನಿಸಿದ್ದು ನನಗೆ ಭಯ ತರಿಸಿತು, ಯಾರಿಗೂ ಹೇಳಲಿಲ್ಲ.

ಆ ಮನೆಯಲ್ಲೇ ನನಗೆ ನಿಜವಾದ ದೋಷ ಸಿಕ್ಕಿತು. ಪೆಟ್ಟಿಗೆಗೆ ಕರೆಂಟು ಕೊಡುವುದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ಅಡಾಪ್ಟರ್. ಅದರೊಳಗೆ ಇರುವುದು ಪುಟ್ಟ ಟ್ರಾನ್ಸ್‌ಫಾರ್ಮರ್, ಅಂದರೆ ನನ್ನ ಕಸುಬು. ಒಂದು ಗಂಟೆ ಆಡಿದ ಮೇಲೆ ಮುಟ್ಟಿ ನೋಡಿದೆ. ಕೈ ಇಡಲಾಗದಷ್ಟು ಕಾದಿತ್ತು. ನಮ್ಮ ಕಡೆ ತೋಟದ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜು ಬಿದ್ದುಹೋಗುತ್ತದೆ, ಅವು ನಿಂತ ತಕ್ಷಣ ಒಮ್ಮೆಲೇ ಏರುತ್ತದೆ. ಏರಿದಾಗ ತಡೆಯುವಷ್ಟು ಸುತ್ತು ಅದರೊಳಗೆ ಇಲ್ಲ ಎಂದು ಆ ಬಿಸಿಯೇ ಹೇಳುತ್ತಿತ್ತು.

ಪಾವಗಡದ್ದು ಕೊನೆಯದು. ಅಲ್ಲಿ ಕಡಲೇಕಾಯಿ ಎಣ್ಣೆ ಗಾಣದ ಯಜಮಾನರೊಬ್ಬರು. ಮಾತಿನಲ್ಲಿ ಅರ್ಧ ತೆಲುಗು. ಅವರು ಆಡಲಿಲ್ಲ. ಗಾಣದ ಆಳುಗಳಿಬ್ಬರನ್ನು ಕೂರಿಸಿ ಆಡಿಸಿ ಹಿಂದೆ ನಿಂತು ನೋಡಿದರು. ಹತ್ತು ನಿಮಿಷ ನೋಡಿ ನಮ್ಮವರ ಭುಜದ ಮೇಲೆ ಕೈಯಿಟ್ಟರು.

"ಚಾಲಾ ಬಾಗುಂದಯ್ಯಾ, ಭಾಳ ಚೆನ್ನಾಗೈತೆ. ಇದ್ರಾಗೆ ಪಂದ್ಯಂ ಕಟ್ಬೋದಲ್ಲ? ಕೋಳಿ ಬ್ಯಾಡ, ಪೋಲೀಸು ಬರಲ್ಲ, ಮನೆ ಒಳಗೇ ಆಯ್ತದೆ. ನಂಗೆ ಹತ್ತು ಪೆಟ್ಟಿಗೆ ಬರ್ಕೋ."

ನಮ್ಮವರು ಖುಷಿಯಿಂದ ಚೀಟಿಯಲ್ಲಿ ಬರೆದುಕೊಂಡರು. ಅಲ್ಲಿಯವರೆಗೆ ಈ ಪೆಟ್ಟಿಗೆ ಓಡುವುದಿಲ್ಲ ಎಂಬುದಷ್ಟೇ ನನ್ನ ಅನುಮಾನ. ಓಡಿದರೆ ಎಂಥವರ ಮನೆಯಲ್ಲಿ, ಯಾತಕ್ಕೆ ಓಡೀತು ಎಂಬ ಎರಡನೆಯ ಅನುಮಾನ ಅಲ್ಲಿ ಸೇರಿತು. ವಾಪಸು ಬರುವಾಗ ಬಸ್ಸು ಮಿಡಿಗೇಶಿ ದಾಟಿತು.

"ಹತ್ತು ಪೆಟ್ಟಿಗೆ ಒಬ್ನೇ ಕೇಳಿದ ನೋಡು" ಅಂದರು ನಮ್ಮವರು.

"ಜೂಜಿಗೆ ಕೇಳ್ದ."

"ಅವನು ಏನಾದ್ರೂ ಮಾಡ್ಕಳ್ಳಿ. ನಾವು ಮಾರೋರು."

"ಮಾರೋ ಅಂಗಡಿ ಮೇಲೆ ಹೆಸ್ರು ನಮ್ದಿರ್ತದಲ್ರಿ."

ಅವರು ಕಿಟಕಿಯ ಕಡೆ ತಿರುಗಿ ಕೂತರು. ಇನ್ನೂ ಒಪ್ಪಿಲ್ಲ, ಯೋಚನೆ ಮಾಡೋಣ ಎಂದು ಅವರು ಹೇಳುತ್ತಲೇ ಇದ್ದುದರಿಂದ ನಾನು ಅಷ್ಟಕ್ಕೆ ಬಿಟ್ಟೆ.

ಎರಡು ದಿನ ಕಳೆದು ನಾನು ದಂಡಿನ ಮಾರಮ್ಮನ ಗುಡಿಯಿಂದ ಬರುತ್ತಿದ್ದೆ. ದಾರಿಯಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನವರು ಅಂಗಡಿಯಿಂದಲೇ ಕೂಗಿದರು. "ಅಮ್ಮಾ, ನಿಮ್ಮದು ಅಚ್ಚಾಗೈತೆ, ತಗಂಡು ಹೋಗಿ." ಏನೆಂದು ನೋಡಿದರೆ ಪತ್ರ ಬರೆಯುವ ಹಾಳೆಗಳ ಕಟ್ಟು. ಮೇಲೆ ನೀಲಿ ಅಕ್ಷರದಲ್ಲಿ ನಮ್ಮ ಅಂಗಡಿಯ ಹೆಸರು. ಅದರ ಕೆಳಗೆ: ನಾಲ್ಕು ತಾಲ್ಲೂಕುಗಳಿಗೆ ಟೀವಿ ಆಟದ ಏಕೈಕ ಏಜೆಂಟರು. ಯಾವಾಗ ಕೊಟ್ಟಿದ್ದರು ಎಂದು ಕೇಳಿದೆ. ಬೆಂಗಳೂರಿನ ಯುವಕ ಬಂದು ಹೋದ ಮಾರನೆಯ ದಿನವೇ ಕೊಟ್ಟಿದ್ದರಂತೆ.

ಆ ಕಟ್ಟನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾಲ್ಕು ಊರು ಸುತ್ತುಸ್ಬುಟ್ರಲ್ಲ ನನ್ನ. ಒಪ್ಕಂಡು ಆಗಿತ್ತಾ?"

ಅವರು ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. "ಒಪ್ಕಂಡಿರಲಿಲ್ಲ. ಒಪ್ಕೋಬೇಕು ಅಂತ ಆಸೆ ಆಗಿತ್ತು. ನೀನು ಬ್ಯಾಡ ಅಂತೀಯ ಅಂತ ಹೇಳಲಿಲ್ಲ" ಅಂದರು. "ವರ್ಷಗಟ್ಟಲೆ ಬೇರೆಯೋರು ಮಾಡಿದ್ದನ್ನ ರಿಪೇರಿ ಮಾಡ್ತಾ ಕೂತಿದೀನಿ ಕಣೆ. ಹೊಸದೊಂದನ್ನ ಮೊದ್ಲು ನಾನೇ ತಂದೆ ಅನ್ನಿಸ್ಕೋಬೇಕು ಅನ್ನಿಸ್ತು."

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಹಾಗೇ ಇತ್ತು. ಪೆಟ್ಟಿಗೆಯನ್ನು ಅನುಮಾನಿಸುತ್ತಾ ಕೂತಿದ್ದ ನಾನು ಅವರನ್ನೂ ಅನುಮಾನಿಸಬೇಕಾಯಿತಲ್ಲ ಎಂಬುದು ಬಹಳ ದಿನ ಚುಚ್ಚುತ್ತಿತ್ತು. ಮೂರು ನಾಲ್ಕು ದಿನ ಊಟಕ್ಕೆ ಬನ್ನಿ, ಬಾಗಿಲು ಹಾಕಿ ಎಂಬಷ್ಟೇ ಮಾತು ನಮ್ಮ ನಡುವೆ.

ಹದಿನೈದನೆಯ ದಿನಕ್ಕೆ ಸರಿಯಾಗಿ ಆ ಯುವಕ ಬಂದ. ಅವನು ಕೂರುವ ಮೊದಲೇ ನಾನು ಹೇಳಿದೆ, "ನಾನು ಬಿಚ್ಚಿ ನೋಡ್ದೆ."

ಅವನು ನಮ್ಮವರ ಮುಖ ನೋಡಿದ. ಅವರು ತಲೆ ತಗ್ಗಿಸಿದರು.

"ಆ ಕಬ್ಬಿಣ ಯಾಕೆ?"

"ಅದಾ ಮೇಡಂ? ಪೆಟ್ಟಿಗೆ ಹಗುರ. ಮಕ್ಕಳು ಆಟದ ಜೋರಲ್ಲಿ ವೈರು ಎಳೆದ್ರೆ ಟೀವಿ ಮೇಲಿಂದ ಕೆಳಗೆ ಬೀಳುತ್ತೆ. ನಮ್ಮ ಆಫೀಸಲ್ಲೇ ಎರಡು ಬಿದ್ದು ಒಡೆದುಹೋದ್ವು. ಅದಕ್ಕೆ ತಗಡು ಹಾಕಿದ್ದು ನಾನೇ."

"ಚಿಪ್ಪಿನ ಮೇಲಿನ ಅಕ್ಷರ?"

"ಅದು ಹೊರದೇಶದ್ದು. ಬೇರೆ ಕಂಪನಿಯೋರಿಗೆ ಯಾವುದು ಅಂತ ಗೊತ್ತಾಗಬಾರದು ಅಂತ ನಮ್ಮ ಕಂಪನಿ ಯಜಮಾನ್ರು ಅಳಿಸಿದ್ದಾರೆ. ನನಗೂ ಅದು ಸರಿ ಕಾಣಲ್ಲ."

ನಾನು ಅರ್ಧ ನಂಬಿದೆ. ಪಾವಗಡದ್ದೂ ಹೇಳಿದೆ, ಕೊರಟಗೆರೆಯದೂ ಹೇಳಿದೆ. ಅಷ್ಟರಲ್ಲಿ ಬಿಚ್ಚಿ ನೋಡಿದ್ದ ಅಡಾಪ್ಟರನ್ನು ಅವನ ಮುಂದೆ ಇಟ್ಟು, ಪ್ರೈಮರಿಗೆ, ಅಂದರೆ ಕರೆಂಟು ಒಳಗೆ ಬರುವ ಸುರುಳಿಗೆ, ಸುತ್ತು ಕಡಿಮೆಯಿದೆ, ತಂತಿಯೂ ಸಣ್ಣದು, ನಮ್ಮ ವೋಲ್ಟೇಜಿಗೆ ಇದು ಒಂದು ಮಳೆಗಾಲ ಕಳೆಯುವುದರೊಳಗೆ ಸುಡುತ್ತದೆ ಅಂದೆ. ಎಷ್ಟು ಸುತ್ತು ಹಾಕಿದರೆ ತಡೆದೀತು ಎಂದೂ ಹೇಳಿದೆ. ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಬರೆದುಕೊಳ್ಳುವುದು ಮರ್ಯಾದೆಗೆ, ಬಸ್ಸು ಹತ್ತಿದ ಮೇಲೆ ಆ ಹಾಳೆ ಹರಿದು ಬಿಸಾಡುತ್ತಾನೆ ಎಂದುಕೊಂಡೆ.

ನಮ್ಮವರು ತಾವಾಗಿಯೇ ಮಾತಾಡಿದರು. "ಏಜೆನ್ಸಿ ನಮಗೆ ಬ್ಯಾಡ ಸಾರ್. ಶಿರಾದಾಗೆ ನಮ್ಮ ಸ್ನೇಹಿತರು ಅವ್ರೆ, ಅವರನ್ನ ಕೇಳಿ." ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ನನಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಪೆಟ್ಟಿಗೆ ಬಂತು. ಆ ದೀಪಾವಳಿಗಲ್ಲ, ಅದರ ಮುಂದಿನ ಯುಗಾದಿಗೆ. ಇಪ್ಪತ್ತು ಆಟದ ಬದಲು ಆರು ಆಟ. ಭಾಯಿ ತರಿಸಿದ ಪೆಟ್ಟಿಗೆಗಳು ರಂಜಾನ್ ಮುಗಿಯುವುದರೊಳಗೆ ಖಾಲಿಯಾದವು. ತುಮಕೂರಿನಿಂದ ಬಂದು ಕೇಳಿದವರೂ ಇದ್ದರು. ಭಾಯಿ ಮಧುಗಿರಿಗೆ ಬಂದಾಗಲೆಲ್ಲ "ಏನ್ ಭಾಬಿ?" ಎಂದಷ್ಟೇ ಹೇಳಿ ಮೀಸೆಯಡಿ ನಗುತ್ತಿದ್ದರು. ನಮ್ಮವರು ಆಗ ರಿಪೇರಿಗೆ ಬಗ್ಗಿದವರು ತಲೆ ಎತ್ತುತ್ತಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಭಾಯಿಯ ನಗು ನಿಂತಿತು. ಒಂದು ಬೆಳಗ್ಗೆ ಗೋಣಿಚೀಲ ಹೊತ್ತುಕೊಂಡು ಬಂದು ನನ್ನ ಮಣೆಯ ಪಕ್ಕ ಸುರಿದರು. ಎಲ್ಲ ಸುಟ್ಟ ಅಡಾಪ್ಟರುಗಳು. ಒಂದನ್ನು ಒಡೆದು ನೋಡಿದೆ. ಅದೇ ಸುತ್ತು, ಅದೇ ಸಣ್ಣ ತಂತಿ. ಒಂದಿಷ್ಟೂ ಬದಲಾಗಿರಲಿಲ್ಲ. ನೋಡಿದಿರಾ, ಕಂಪನಿಯವರಿಗೆ ಹೇಳಿಯೇ ಇಲ್ಲ ಆ ಹುಡುಗ, ಎಂದು ನಮ್ಮವರಿಗೆ ಕೂಗಿ ಹೇಳಿದೆ. ಕನ್ನಡಕದ ಆ ಮುಖವನ್ನು ನೆನೆದು ಮನಸಾರೆ ಬೈದೆ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೊಸದಾಗಿ ಸುತ್ತಿಕೊಟ್ಟೆ. ನಾನು ಸುತ್ತಿದ್ದು ಸುಡಲಿಲ್ಲ. ಆದರೆ ಅಷ್ಟರಲ್ಲಿ ಅದು ಸುಡುವ ಮಾಲು ಎಂಬ ಸುದ್ದಿ ನಾಲ್ಕೂ ಊರಿಗೆ ಹಬ್ಬಿತ್ತು. ಕೊರಟಗೆರೆಯ ಕಿರಾಣಿ ಯಜಮಾನರು ಮಧುಗಿರಿಗೆ ಬಂದಾಗ ಅಂಗಡಿಗೆ ಹತ್ತಿ, "ನಾನು ಆವತ್ತೇ ಅಂದಿದ್ನಲ್ಲ" ಎಂದು ಹೇಳಿಹೋದರು. ಇನ್ನೊಂದು ವರ್ಷಕ್ಕೆ ಆ ಪೆಟ್ಟಿಗೆಯ ಹೆಸರು ಹೇಳುವವರೇ ಇರಲಿಲ್ಲ.

ಓಡಿತೇ, ಓಡಲಿಲ್ಲವೇ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಸರಿಯಾಗಿ ಹೇಳಲು ಬಾರದು. ಓಡುವುದಿಲ್ಲ ಎಂದ ನಾನೂ ತಪ್ಪಿದೆ, ಓಡುತ್ತದೆ ಎಂದ ಅವರೂ ತಪ್ಪಿದರು.

ಆ ಗೋಣಿಚೀಲ ಬಂದು ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ಅದೇ ಯುವಕ ಅಂಗಡಿಗೆ ಬಂದ. ಸ್ವಲ್ಪ ದಪ್ಪಗಾಗಿದ್ದ. ಈಗ ಬೇರೆ ಕಂಪನಿಯಲ್ಲಿ ಸ್ಟೆಬಿಲೈಸರ್ ಮಾರುತ್ತಿದ್ದನಂತೆ. ನಮ್ಮವರು ಟೀ ತರಿಸಿದರು. ನಾನು ಮಣೆಯಿಂದ ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ಟೀ ಅರ್ಧ ಕುಡಿದ ಮೇಲೆ ಅವನೇ ಹೇಳಿದ. "ಮೇಡಂ, ನೀವು ಹೇಳಿದ ಸುತ್ತಿನ ವಿಷಯ ಮೀಟಿಂಗಲ್ಲಿ ಎತ್ತಿದೆ. ಯಾರು ಹೇಳಿದ್ದು ಅಂದ್ರು. ಮಧುಗಿರಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತೋರು ಅಂದೆ. ಹೆಂಗಸಾ ಅಂತ ಕೇಳಿ ಎಲ್ಲರೂ ನಕ್ಕರು. ಎರಡನೇ ಸಲ ಎತ್ತಿದಾಗ ನಿನಗೆ ಕೆಲಸ ಬೇಕೋ ಬೇಡವೋ ಅಂದ್ರು. ಬೇಡ ಅಂತ ಬಿಟ್ಟುಬಂದೆ."

ನನ್ನ ಕೈ ಯಂತ್ರದ ಹಿಡಿಯ ಮೇಲೆ ನಿಂತಿತು. ಎಷ್ಟು ಸುತ್ತಾಗಿತ್ತೋ ಮರೆತುಹೋಯಿತು. ಎರಡು ವರ್ಷ ಆ ಮನುಷ್ಯನನ್ನು ಸುಳ್ಳನೆಂದುಕೊಂಡು, ಗೋಣಿಚೀಲ ನೆನಪಾದಾಗಲೆಲ್ಲ ಬೈದಿದ್ದೆ. ಏನಾದರೂ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಇಷ್ಟೇ: "ನೀವು ಹೇಳಿರಲ್ಲ ಅನ್ಕಂಡಿದ್ದೆ ಕಣಪ್ಪ. ತಪ್ಪಾಯ್ತು."

"ಪರವಾಗಿಲ್ಲ ಬಿಡಿ ಅಕ್ಕ" ಅಂದ. ಮೊದಲ ಸಲ ಅಕ್ಕ ಅಂದಿದ್ದ.

ಊಟ ಮಾಡಿಕೊಂಡು ಹೋಗು ಎಂದು ಹಿಡಿದು ಕೂರಿಸಿದೆ. ಮನೆಗೆ ಹೋಗಿ ಬಿಸಿ ಮುದ್ದೆ, ಹುರುಳಿಕಾಳು ಸಾರು ತಂದು ಬಡಿಸಿದೆ. ಉಣ್ಣುತ್ತಾ ಅವನೂ ನಮ್ಮವರೂ ನಮ್ಮ ಕಡೆಗೂ ಬರತೊಡಗಿದ್ದ ಬಣ್ಣದ ಟೀವಿಗಳ ವಿಷಯ ಮಾತಾಡತೊಡಗಿದರು. ನಾನು ಎದುರು ಗೋಡೆಗೆ ಒರಗಿ ಕೂತು ಕೇಳಿಸಿಕೊಂಡೆ, ಬಾಯಿ ಹಾಕಲಿಲ್ಲ.